ಬಯಲಿನ ಅಡುಗೆಗೊಂದು ಗುರುತು



ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಕಾಫಿ. ಆಮೇಲೆ ಮುಳ್ಳಯ್ಯನಗಿರಿ, ಮಂಜು, ಹೋಂಸ್ಟೇ. ಅದರಲ್ಲಿ ತಪ್ಪೇನೂ ಇಲ್ಲ. ಬಾಬಾಬುಡನ್‌ಗಿರಿ ಅರೇಬಿಕಾ ಮತ್ತು ಚಿಕ್ಕಮಗಳೂರು ಅರೇಬಿಕಾ ಕಾಫಿಗಳಿಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ಆದರೆ ಅದೇ ಜಿಲ್ಲೆಯ ಇನ್ನೊಂದು ಮಗ್ಗುಲಲ್ಲಿ ಕಡೂರು ಇದೆ, ತರೀಕೆರೆ ಇದೆ, ಕೆಲವು ವರ್ಷಗಳ ಹಿಂದಷ್ಟೇ ತರೀಕೆರೆಯಿಂದ ಬೇರೆಯಾಗಿ ತಾಲ್ಲೂಕಾದ ಅಜ್ಜಂಪುರ ಇದೆ. ಶೃಂಗೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಕಡೂರಿಗೆ ದಕ್ಕುವುದು ಸುಮಾರು 600. ಹೆಚ್ಚೆಂದರೆ ಐದರಲ್ಲಿ ಒಂದು ಪಾಲು. ಮಳೆ ಬದಲಾದರೆ ಹೊಲ ಬದಲಾಗುತ್ತದೆ. ಹೊಲ ಬದಲಾದರೆ ಒಲೆಯ ಮೇಲಿನ ಪಾತ್ರೆ ಬದಲಾಗುತ್ತದೆ. 1947ರವರೆಗೆ ಈ ಇಡೀ ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಇವತ್ತು ಜಿಲ್ಲೆಯ ಹೆಸರಿನಲ್ಲೂ ಕಡೂರಿಲ್ಲ, ಜಿಲ್ಲೆಯ ಊಟದ ಮಾತಿನಲ್ಲೂ ಕಡೂರಿಲ್ಲ. ಈ ಮೂರು ತಾಲ್ಲೂಕುಗಳು ಸೇರಿ ಒಂದು ಅಡುಗೆ ಸಮಾವೇಶ ನಡೆಸುವುದಾದರೆ ಅದರ ಗುರುತು ಹೇಗಿರಬೇಕು? ಇವತ್ತಿನ ಮಾತು ಅಷ್ಟರ ಸುತ್ತಲೇ. ಇಂಥ ಸಮಾವೇಶದ ಗುರುತನ್ನು ಮೊದಲು ಅಡುಗೆಮನೆಯಲ್ಲಿ ತೀರ್ಮಾನಿಸಬೇಕು, ಕಾಗದದ ಮೇಲೆ ಬರೆಯುವುದು ಆಮೇಲೆ. ನನ್ನ ವಾದ ಇದು. ಇದಕ್ಕೆ ಆಧಾರಗಳನ್ನು ಒಂದೊಂದಾಗಿ ನೋಡೋಣ.

ಸಾಮಾನ್ಯವಾಗಿ ನಡೆಯುವುದು ತಿರುಗುಮುರುಗು. ಸಮಿತಿ ರಚನೆಯಾಗುತ್ತದೆ. ಎರಡನೆಯ ಸಭೆಗೇ ಲೋಗೊ ಬೇಕು ಎನ್ನುತ್ತಾರೆ. ಡಿಟಿಪಿ ಅಂಗಡಿಗೆ ಹೇಳಿದರೆ ಸಂಜೆಯೊಳಗೆ ಒಂದು ಚಿತ್ರ ಬರುತ್ತದೆ. ಬಾಣಸಿಗನ ಬಿಳಿ ಟೋಪಿ, ಅಡ್ಡಡ್ಡ ಇಟ್ಟ ಚಮಚ ಮತ್ತು ಫೋರ್ಕು, ಹಿಂದೆ ಒಂದು ಬೆಟ್ಟ, ಪಕ್ಕದಲ್ಲಿ ಹೊಗೆಯಾಡುವ ಕಾಫಿ ಕಪ್ಪು. ಈ ಚಿತ್ರವನ್ನು ಹಾಸನದವರೂ ಹಾಕಿಕೊಳ್ಳಬಹುದು, ಕೊಡಗಿನವರೂ ಹಾಕಿಕೊಳ್ಳಬಹುದು. ಮುದ್ದೆ ಉಣ್ಣುವ ಊರಿನ ಮೇಳಕ್ಕೆ ಫೋರ್ಕಿನಿಂದ ಏನೂ ಕೆಲಸವಿಲ್ಲ. ಯಾರಿಗೆ ಬೇಕಾದರೂ ಒಪ್ಪುವ ಚಿತ್ರ ಯಾರ ಗುರುತೂ ಆಗುವುದಿಲ್ಲ. ಚಿತ್ರ ಬರೆದವರನ್ನು ದೂರಿ ಫಲವಿಲ್ಲ. ಅವರ ಕೈಗೆ ನಾವು ಕೊಟ್ಟದ್ದು ‘ಅಡುಗೆ ಮೇಳ’ ಎಂಬ ಎರಡು ಮಾತು ಮಾತ್ರ. ಏನು ಅಡುಗೆ, ಯಾರ ಅಡುಗೆ, ಯಾವ ಕಾಲದ್ದು ಎಂದು ನಾವೇ ತೀರ್ಮಾನಿಸದೆ ಇರುವಾಗ ಅವರು ಇನ್ನೇನು ಬರೆದಾರು?

ಹಾಗಾದರೆ ಗುರುತು ಎಲ್ಲಿಂದ ಹುಟ್ಟುತ್ತದೆ? ದೂರ ಹೋಗುವುದು ಬೇಡ. ಇದೇ ಸೀಮೆಯ ಮೂರು ಉದಾಹರಣೆ ಸಾಕು. ಬೀರೂರಿನ ಮೈಲಾರಲಿಂಗಸ್ವಾಮಿಯ ಕಾರಣಿಕ, ಅಂದರೆ ದೈವದ ಭವಿಷ್ಯನುಡಿ, ನಿಮಗೆಲ್ಲ ಗೊತ್ತು. ದಸರೆಯ ಹೊತ್ತಿಗೆ ಗೊರವಯ್ಯ ನುಡಿಯುವ ಒಂದು ಸಾಲಿಗಾಗಿ ಜನ ಕಾಯುತ್ತಾರೆ, ಆಮೇಲೆ ಅದರ ಅರ್ಥವನ್ನು ದಿನಗಟ್ಟಲೆ ಚರ್ಚಿಸುತ್ತಾರೆ. ಅಜ್ಜಂಪುರದ ಬಳಿಯ ಅಂತರಘಟ್ಟೆ ಜಾತ್ರೆ ಎಂದರೆ ಎತ್ತಿನ ಗಾಡಿಗಳ ಸಾಲು. ಟ್ರ್ಯಾಕ್ಟರು, ಕಾರು ಮನೆಮನೆಗೆ ಬಂದ ಮೇಲೂ ಆ ಜಾತ್ರೆಗೆ ಗಾಡಿ ಕಟ್ಟುವವರು ಕಟ್ಟುತ್ತಲೇ ಇದ್ದಾರೆ. ಇನ್ನು ಕಡೂರು ತಾಲ್ಲೂಕಿನ ಮದಗದ ಕೆರೆ. ಅದನ್ನು ಕಣ್ಣಾರೆ ಕಂಡವರಿಗಿಂತ ಜನಪದ ಗೀತೆಯಲ್ಲಿ ಕೇಳಿದವರೇ ಹೆಚ್ಚು. ಈ ಭಾಗದವರು ಆ ಹಾಡು ತಮ್ಮ ಕೆರೆಯದೆಂದೇ ಹಾಡುತ್ತಾರೆ. ಈ ಮೂರಕ್ಕೂ ಲೋಗೊ ಇಲ್ಲ. ಆದರೂ ಹೆಸರು ಹೇಳಿದರೆ ಸಾಕು, ಏನು ಸಿಗುತ್ತದೆ ಎಂಬುದು ತಿಳಿಯುತ್ತದೆ. ಒಂದರಲ್ಲಿ ನುಡಿ, ಇನ್ನೊಂದರಲ್ಲಿ ಗಾಡಿ, ಮತ್ತೊಂದರಲ್ಲಿ ಹಾಡು. ಪ್ರತಿಯೊಂದಕ್ಕೂ ಅದರದೇ ಆದ ಒಂದು ಸಂಗತಿ, ಮತ್ತು ಆ ಒಂದನ್ನು ತಲೆಮಾರುಗಳಿಂದ ಬಿಡದೆ ಹಿಡಿದುಕೊಂಡು ಬಂದ ಹಟ. ಗುರುತಿನ ಬೇರು ಇರುವುದು ಅಲ್ಲಿ.

ಇಲ್ಲಿಯವರೆಗೆ ಹೇಳಿದ್ದಿಷ್ಟು. ಬಯಲಿನ ಮೂರು ತಾಲ್ಲೂಕುಗಳ ಊಟಕ್ಕೆ ಹೊರಗೆ ಹೆಸರಿಲ್ಲ. ಚಿತ್ರದಿಂದ ಶುರುಮಾಡಿದರೆ ಆ ಹೆಸರು ಬರುವುದಿಲ್ಲ. ಒಂದನ್ನು ಆರಿಸಿ ಬಿಡದೆ ನಡೆಸಿದರೆ ಬರುತ್ತದೆ. ಇದು ಜಾತ್ರೆಯ ಮಾತಾಯಿತು. ಆಹಾರದ ವಿಷಯದಲ್ಲೂ ಇದು ನಿಜವೇ? ಈಗ ಅದನ್ನು ನೋಡೋಣ.

ಬೆಂಗಳೂರಿನ ಅವರೆಕಾಯಿ ಮೇಳವನ್ನು ತೆಗೆದುಕೊಳ್ಳಿ. ವಿಶ್ವೇಶ್ವರಪುರದ ಸಜ್ಜನ್‌ರಾವ್ ವೃತ್ತದ ಬಳಿ ಬೆಳೆದ ಮೇಳ ಅದು. ಎರಡು ದಶಕಕ್ಕೂ ಹೆಚ್ಚಿನ ವಯಸ್ಸು. ಜನಸಂದಣಿ ಹೆಚ್ಚಿ ಈಚೆಗೆ ನ್ಯಾಷನಲ್ ಕಾಲೇಜು ಮೈದಾನಕ್ಕೆ ಹೋಯಿತು. ಜಾಗ ಬದಲಾದರೂ ಗುರುತು ಮಸುಕಾಗಲಿಲ್ಲ. ಏಕೆಂದರೆ ಅದರ ಗುರುತು ಜಾಗದಲ್ಲಿರಲಿಲ್ಲ, ಕಾಳಿನಲ್ಲಿತ್ತು. ಒಂದೇ ಕಾಳು, ಅದು ಬರುವ ಒಂದೇ ಕಾಲ. ಚಳಿಗಾಲದಲ್ಲಿ ಸೊಗಡಿನ ಅವರೆ ಬಂದಾಗ ಮೇಳ. ಹಾಗೆಂದು ತಿನಿಸು ಒಂದೇ ಅಲ್ಲ. ಅವರೆಕಾಳಿನ ದೋಸೆ, ಉಪ್ಪಿಟ್ಟು, ರೊಟ್ಟಿ, ಹೋಳಿಗೆ, ಜಾಮೂನಿನವರೆಗೆ ಹಬ್ಬುತ್ತದೆ. ಇನ್ನೊಂದು ಉದಾಹರಣೆ ಮದ್ದೂರು ವಡೆ. ಅದನ್ನು ಹೊತ್ತು ಸಾರಿದ್ದು ಬೆಂಗಳೂರು–ಮೈಸೂರು ರೈಲು ಹಾದಿ. ಬೋಗಿಯಿಂದ ಬೋಗಿಗೆ ಹೋಗುವ ಮಾರಾಟಗಾರರ ಕೂಗೇ ಅದರ ಜಾಹೀರಾತು. ಮೂರನೆಯದು ದಾವಣಗೆರೆ ಬೆಣ್ಣೆ ದೋಸೆ. ಅಜ್ಜಂಪುರದಿಂದ ದಾವಣಗೆರೆ ದೂರವೇನಲ್ಲ. ಇವತ್ತು ರಾಜ್ಯದ ಯಾವ ಪಟ್ಟಣಕ್ಕೆ ಹೋದರೂ ಆ ಹೆಸರಿನ ಬೋರ್ಡು ಕಾಣುತ್ತದೆ. ಊರಿನ ಹೆಸರು ತಿನಿಸನ್ನು ಬೆಳೆಸಿತು, ತಿನಿಸು ಊರಿನ ಹೆಸರನ್ನು ಬೆಳೆಸಿತು.

ಆದರೆ ಈ ಮೂರನೆಯ ಉದಾಹರಣೆಯಲ್ಲಿ ಒಂದು ಎಚ್ಚರಿಕೆಯೂ ಇದೆ. ದಾವಣಗೆರೆಯ ಹೆಸರನ್ನು ಯಾರು ಬೇಕಾದರೂ ಬೋರ್ಡಿನ ಮೇಲೆ ಬರೆದುಕೊಳ್ಳಬಹುದು. ಹೆಂಚಿನ ಮೇಲೆ ಬಿದ್ದದ್ದು ಬೆಣ್ಣೆಯೋ ಡಾಲ್ಡಾವೋ ಎಂದು ಆ ಹೆಸರು ಖಾತರಿ ಕೊಡಲಾರದು. ಇದಕ್ಕೆ ಪ್ರತಿಯಾಗಿ ಧಾರವಾಡ ಪೇಢವನ್ನು ನೋಡಿ, 2011ರಲ್ಲಿ ನೋಂದಣಿಯಾದ ಬ್ಯಾಡಗಿ ಮೆಣಸಿನಕಾಯಿಯನ್ನು ನೋಡಿ. ಇವಕ್ಕೆ ಭೌಗೋಳಿಕ ಸೂಚಿಯ ಕಾನೂನಿನ ಬಲವಿದೆ. ಯಾವ ಸೀಮೆಯದು, ಯಾವ ಗುಣದ್ದು ಎಂದು ಬರೆದಿಟ್ಟ ನಿಯಮವಿದೆ. ನಿಯಮ ಇರುವ ಹೆಸರು ತನ್ನ ಗುಣವನ್ನು ಕಾಯಬಲ್ಲದು, ನಿಯಮ ಇಲ್ಲದ ಹೆಸರು ಎಷ್ಟು ದೂರ ಹೋದರೂ ತೆಳುವಾಗುತ್ತಲೇ ಹೋಗುತ್ತದೆ. ಹೊರದೇಶದ ಒಂದು ನಿದರ್ಶನವೂ ಇದನ್ನೇ ಹೇಳುತ್ತದೆ. ಇಟಲಿಯಲ್ಲಿ 1986ರ ಸುಮಾರಿಗೆ, ರೋಮ್ ನಗರದ ಹಳೆಯ ಚೌಕದಲ್ಲಿ ಮೆಕ್‌ಡೊನಾಲ್ಡ್ಸ್ ಅಂಗಡಿ ತೆರೆದದ್ದನ್ನು ವಿರೋಧಿಸಿ ಕಾರ್ಲೊ ಪೆಟ್ರೀನಿ ಮತ್ತು ಗೆಳೆಯರು ಸ್ಲೋ ಫುಡ್ ಚಳವಳಿ ಕಟ್ಟಿದರು. ಅದರ ಗುರುತು ಒಂದು ಬಸವನಹುಳು. ಅವಸರವಿಲ್ಲದ ಊಟ ಎಂಬುದು ಅವರ ತತ್ವ. ತತ್ವ ಮೊದಲಿತ್ತು, ಹುಳು ಆಮೇಲೆ ಬಂತು. 2004ರಿಂದ ಟ್ಯೂರಿನ್ ನಗರದಲ್ಲಿ ಆ ಚಳವಳಿ ನಡೆಸುತ್ತಿರುವ ಟೆರ್ರಾ ಮಾದ್ರೆ ಎಂಬ ಸಮಾವೇಶಕ್ಕೆ ಹಲವು ದೇಶಗಳ ರೈತರು, ಅಡುಗೆಯವರು ಬರುತ್ತಾರೆ. ಅವರನ್ನು ಕರೆತರುವುದು ಆ ತತ್ವ. ಹುಳು ಅದನ್ನು ನೆನಪಿಸುತ್ತದೆ, ಅಷ್ಟೆ.

ಮಿತ್ರರೇ, ಈಗ ನಮ್ಮ ಮೂರು ತಾಲ್ಲೂಕಿಗೆ ಬರೋಣ. ಒಂದನ್ನು ಆರಿಸಬೇಕು, ಅದಕ್ಕೆ ನಿಯಮ ಬೇಕು ಎಂದಾಯಿತು. ಯಾವುದನ್ನು ಆರಿಸುವುದು? ಇಲ್ಲಿನ ಹೊಲಗಳಲ್ಲಿ ರಾಗಿ ಇದೆ. ರಾಗಿಯ ಜೊತೆಗೆ ಅವರೆ, ಹುರುಳಿ, ಹುಚ್ಚೆಳ್ಳು, ಎಳ್ಳು ಇವೆ. ಕಡೂರು, ಅಜ್ಜಂಪುರದ ಕಡೆ ಮುಂಗಾರಿನ ಈರುಳ್ಳಿ ಇದೆ. ತೆಂಗು, ಅಡಿಕೆಯ ತೋಟಗಳಿವೆ. ತರೀಕೆರೆ ಮಲೆನಾಡಿಗೂ ಬಯಲಿಗೂ ನಡುವಿನ ಹೊಸಿಲಿನಂತಿದೆ. ಅಲ್ಲಿ ಅಕ್ಕಿ ರೊಟ್ಟಿಯೂ ಬೇಯುತ್ತದೆ, ಮುದ್ದೆಯೂ ತಿರುಗುತ್ತದೆ. ಇವನ್ನೆಲ್ಲ ಒಂದೇ ಪಟ್ಟಿಗೆ ಸೇರಿಸಿದರೆ ಮತ್ತೆ ಹಳೆಯ ಕಥೆ, ಎಲ್ಲವೂ ಇರುವ ಮೇಳ. ನನ್ನ ಸಲಹೆ ಬೇರೆ. ಈ ಸೀಮೆಯ ಊಟವನ್ನು ಬೇರೆ ಮಾಡಿದ್ದು ಕಡಿಮೆ ಮಳೆ. ಆ ಕಡಿಮೆ ಮಳೆಯನ್ನೇ ಸಮಾವೇಶದ ತತ್ವ ಮಾಡಿಕೊಳ್ಳಿ. ಬೋರ್‌ವೆಲ್ಲಿನ ಹಂಗಿಲ್ಲದೆ ಮಳೆಯ ನೀರಿನಲ್ಲೇ ಬೆಳೆಯುವ ಕಾಳು, ಧಾನ್ಯ, ಸೊಪ್ಪು ಪ್ರತಿ ಮಳಿಗೆಯ ಮುಖ್ಯ ತಿನಿಸಿನಲ್ಲಿ ಇರಲೇಬೇಕು. ಮುದ್ದೆ ಮತ್ತು ಹುರುಳಿಕಟ್ಟಿನ ಸಾರು, ಬಸ್ಸಾರು, ಹಿತಕಿದ ಅವರೆ, ಹುಚ್ಚೆಳ್ಳಿನ ಚಟ್ನಿ, ರಾಗಿ ರೊಟ್ಟಿ ಇವು ನಡುಮನೆಯಲ್ಲಿ. ಅಕ್ಕಿ, ತೆಂಗು, ಬೆಲ್ಲ ಇವು ನೆಂಟರಾಗಿ ಬರಲಿ, ಯಜಮಾನಿಕೆ ಬೇಡ. ಕಾಫಿಯ ಜಿಲ್ಲೆಯಲ್ಲಿ ಇದೊಂದು ಬೇರೆಯೇ ದನಿ. ಬೆಂಗಳೂರಿಗೂ ಇದು ಹೊಸದು. ಅಂತರ್ಜಲ ಪಾತಾಳ ಸೇರುತ್ತಿರುವ ಈ ಹೊತ್ತಿನಲ್ಲಿ, ಕಡಿಮೆ ನೀರಿನಲ್ಲಿ ಹೊಟ್ಟೆ ತುಂಬುವುದು ಹೇಗೆ ಎಂದು ತೋರಿಸುವ ಊಟ ಎಲ್ಲರಿಗೂ ಬೇಕಾದ ಊಟ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಆ ಮಾತಿಗೂ ಬಹಳ ಹಿಂದಿನಿಂದ ಇಲ್ಲಿನ ಒಲೆಗಳು ಅದೇ ಕೆಲಸ ಮಾಡುತ್ತಿವೆ.

ಕಾಲವನ್ನೂ ಈ ತತ್ವವೇ ಹೇಳಿಕೊಡುತ್ತದೆ. ರಾಗಿ ಕಣಕ್ಕೆ ಬಂದು, ಅವರೆ ಸೊಗಡು ತುಂಬಿಕೊಂಡು, ಎಳ್ಳು ಮನೆ ಸೇರಿರುವ ಹೊತ್ತು ಸಂಕ್ರಾಂತಿಯ ಆಸುಪಾಸು. ಸಮಾವೇಶ ಆಗ ನಡೆಯಬೇಕು, ಪ್ರತಿ ವರ್ಷವೂ ಆಗಲೇ. ಸಚಿವರಿಗೆ ಬಿಡುವಾದಾಗ ನಡೆಯುವ ಮೇಳಕ್ಕೆ ಜನರ ಮನಸ್ಸಿನ ಪಂಚಾಂಗದಲ್ಲಿ ಜಾಗ ಸಿಗುವುದಿಲ್ಲ.

ಇಲ್ಲೇ ಒಂದು ಮಾತನ್ನು ಎಚ್ಚರದಿಂದ ಹೇಳಬೇಕು. ಅಜ್ಜಂಪುರ ಎಂದರೆ ಅಮೃತ ಮಹಲ್ ತಳಿಯ ದನಗಳು. ಅವುಗಳ ಸಂವರ್ಧನಾ ಕೇಂದ್ರ ಅಲ್ಲಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಎಂದು ಹೆಸರಿತ್ತು. ಟಿಪ್ಪು ಸುಲ್ತಾನನ ಕಾಲಕ್ಕೆ ಅದು ಅಮೃತ ಮಹಲ್ ಆಯಿತು. ಎಂಥ ಹೆಸರು, ಎಂಥ ಇತಿಹಾಸ! ಯಾವ ಸಮಿತಿಗಾದರೂ ಆಸೆ ಹುಟ್ಟುತ್ತದೆ. ಉದ್ದ ಕೊಂಬಿನ ಹಸುವನ್ನು ಲಾಂಛನ ಮಾಡಿ, ಅಮೃತ ಮಹಲ್ ತುಪ್ಪದ ಊಟ ಎಂದು ಸಾರಿಬಿಡೋಣ ಎನಿಸುತ್ತದೆ. ಆದರೆ ಆ ತಳಿಯ ಹೆಸರು ಉಳಿದಿರುವುದು ದುಡಿಮೆಗೆ, ನಡಿಗೆಗೆ, ಕಸುವಿಗೆ. ಹಾಲು ಕಡಿಮೆ. ದನಗಳ ಸಂಖ್ಯೆಯೂ ಕಡಿಮೆ. ಸಾವಿರಾರು ಎಲೆಗೆ ಬಡಿಸುವಷ್ಟು ತುಪ್ಪ ಅಲ್ಲಿಂದ ಹುಟ್ಟಲಾರದು. ಲಾಂಛನದಲ್ಲಿ ಹಸು ನಿಂತು, ಎಲೆಯ ಮೇಲೆ ಪ್ಯಾಕೆಟ್ಟಿನ ತುಪ್ಪ ಬಿದ್ದರೆ ಮೊದಲ ವರ್ಷವೇ ನಂಬಿಕೆ ಮುರಿಯುತ್ತದೆ. ಅಮೃತ ಮಹಲಿನ ಚರಿತ್ರೆಯನ್ನು ಸಮಾವೇಶದ ಗೋಷ್ಠಿಯಲ್ಲಿ ಹೇಳಿ, ಹಸುಗಳನ್ನು ತೋರಿಸಿ. ಆದರೆ ಅಡುಗೆಮನೆ ನಡೆಸಿಕೊಡಲಾಗದ ಮಾತನ್ನು ಬೋರ್ಡಿನ ಮೇಲೆ ಬರೆಯಬೇಡಿ.

ಮತ್ತೊಮ್ಮೆ ಒಟ್ಟು ಮಾಡಿ ಹೇಳುತ್ತೇನೆ. ತತ್ವ: ಮಳೆಯಾಶ್ರಿತ ಹೊಲದ ಊಟ. ಕಾಲ: ಸಂಕ್ರಾಂತಿಯ ಆಸುಪಾಸು. ನಿಯಮ: ಪ್ರತಿ ಮಳಿಗೆಯಲ್ಲೂ ಆ ಬೆಳೆಯ ಒಂದು ಮುಖ್ಯ ತಿನಿಸು. ಇಷ್ಟು ನಿಂತ ಮೇಲೆ ಈಗ ಕಾಗದ, ಬಣ್ಣ ಕೈಗೆ ತೆಗೆದುಕೊಳ್ಳಬಹುದು.

ಕಾಗದದ ಮೇಲೆ ಮೊದಲ ಸಮಸ್ಯೆ ಹೆಸರುಗಳದು. ಮೂರು ಊರು, ಯಾರ ಹೆಸರು ಮುಂದೆ? ಇಂಥ ಸಣ್ಣ ವಿಷಯಕ್ಕೇ ಸಮಿತಿಗಳು ಒಡೆಯುತ್ತವೆ. ಅಕಾರಾದಿಯಾಗಿ ಬರೆದುಬಿಡಿ. ಅಜ್ಜಂಪುರ, ಕಡೂರು, ತರೀಕೆರೆ. ಕಿರಿಯ ತಾಲ್ಲೂಕಿಗೆ ಮೊದಲ ಸ್ಥಾನ ಸಿಕ್ಕಿತು, ಜಗಳಕ್ಕೆ ಜಾಗವೂ ಉಳಿಯಲಿಲ್ಲ. ಎರಡನೆಯದು ಅಕ್ಷರ. ಕನ್ನಡದ ಅಕ್ಷರಗಳಿಗೆ ಒತ್ತು ಇದೆ, ಅದು ಸಾಲಿನ ಕೆಳಗೆ ಇಳಿಯುತ್ತದೆ. ಅಜ್ಜಂಪುರದ ಜಕಾರದ ಒತ್ತು ಹಾಗೇ ಇಳಿದು ಕೆಳಗಿನ ಕಡೂರಿನ ತಲೆಕಟ್ಟಿಗೆ ತಾಗುತ್ತದೆ. ಆದ್ದರಿಂದ ಸಾಲುಗಳ ನಡುವೆ ಧಾರಾಳ ಜಾಗ ಬಿಡಬೇಕು. ಇಂಗ್ಲಿಷ್ ಅಕ್ಷರಕ್ಕೆಂದು ಮಾಡಿದ ಅಳತೆಯಲ್ಲಿ ಕನ್ನಡವನ್ನು ತುರುಕಿದರೆ ಒತ್ತು, ಗುಣಿತ ಎಲ್ಲ ಒಂದಕ್ಕೊಂದು ಮೆತ್ತಿಕೊಂಡು ದೂರಕ್ಕೆ ಕಪ್ಪು ಮಚ್ಚೆಯಾಗುತ್ತದೆ. ಮೂರನೆಯದು ಚಿಹ್ನೆ. ಮೂರು ಹೆಸರನ್ನೂ ಒಮ್ಮೆ ಬರೆದು ನೋಡಿ. ಅಜ್ಜಂಪುರದ ಕೊನೆಗೆ ರ ಇದೆ. ಕಡೂರಿನ ಕೊನೆಗೆ ರು. ತರೀಕೆರೆಯಲ್ಲಿ ರೀ, ರೆ. ಮೂರರಲ್ಲೂ ಇರುವ ಅಕ್ಷರ ಇದೊಂದೇ, ರಾಗಿಯ ಮೊದಲ ಅಕ್ಷರವೂ ಅದೇ. ರಕಾರ ನಮ್ಮ ವರ್ಣಮಾಲೆಯ ದುಂಡನೆಯ, ಸರಳ ಅಕ್ಷರಗಳಲ್ಲೊಂದು. ಒಂದು ದುಂಡು, ಮೇಲೊಂದು ತಲೆಕಟ್ಟು. ಓದಲು ಬರುವವರಿಗೆ ಅದು ಅಕ್ಷರ. ಓದಲು ಬಾರದವರಿಗೆ ದುಂಡನೆಯ ಒಂದು ಆಕಾರ. ಮಕ್ಕಳು ಸೀಮೆಸುಣ್ಣದಲ್ಲಿ ಬರೆಯಬಹುದು, ಹೆಣ್ಣುಮಕ್ಕಳು ಅಂಗಳದಲ್ಲಿ ರಂಗೋಲಿ ಹಾಕಬಹುದು. ಒಂದು ಇಂಚಿನ ರಬ್ಬರ್ ಮೊಹರಿನಲ್ಲಿ ಸ್ಪಷ್ಟವಾಗಿ ಮೂಡುವಂತಿರಬೇಕು. ಇದೇ ಪರೀಕ್ಷೆ. ಮೊಹರಿನಲ್ಲಿ ಮೂಡದ ಲಾಂಛನ ಅಂಗಡಿಯ ಕಾಗದದ ಚೀಲದ ಮೇಲೆ ಬದುಕುವುದಿಲ್ಲ.

ಬಣ್ಣದ ಮಾತು ಸ್ವಲ್ಪ. ಒಂದೇ ಬಣ್ಣ ಸಾಕು, ರಾಗಿಯ ಕೆಂಗಂದು. ಒಂದೇ ಬಣ್ಣವೆಂದರೆ ಮುದ್ರಣದ ಖರ್ಚು ಕಡಿಮೆ. ಆದರೆ ಬಣ್ಣವನ್ನಷ್ಟೇ ನಂಬಬಾರದು. ಇದಕ್ಕೆ ಒಳ್ಳೆಯ ಪಾಠ ಆಹಾರದ ಪೊಟ್ಟಣಗಳ ಮೇಲೇ ಇದೆ. ಸಸ್ಯಾಹಾರಕ್ಕೆ ಚೌಕದೊಳಗೆ ಹಸಿರು ಚುಕ್ಕೆ. ಮಾಂಸಾಹಾರಕ್ಕೆ ಮೊದಲು ಅದೇ ಬಗೆಯ ಕಂದು ಚುಕ್ಕೆ ಇತ್ತು. ಹಸಿರು, ಕೆಂಪುಗಂದು ಬಣ್ಣಗಳ ಭೇದ ಕಾಣದ ಕಣ್ಣಿನವರಿಗೆ ಎರಡೂ ಒಂದೇ. ಆದ್ದರಿಂದ ಈಚಿನ ನಿಯಮಗಳಲ್ಲಿ ಮಾಂಸಾಹಾರದ ಚುಕ್ಕೆ ತ್ರಿಕೋನವಾಯಿತು. ಬಣ್ಣ ಮೋಸ ಮಾಡಿದಲ್ಲಿ ಆಕಾರ ಕಾಪಾಡುತ್ತದೆ. ನಮ್ಮ ಚಿಹ್ನೆಯೂ ಕಪ್ಪು ಬಿಳುಪಿನಲ್ಲಿ ಗುರುತು ಸಿಗುವಂತಿರಬೇಕು.

ಕಣ್ಣಿಗೆ ಕಾಣುವ ಗುರುತಿನ ಮಾತಾಯಿತು. ಬಾನುಲಿಯಲ್ಲಿ ಕುಳಿತು ಕಿವಿಯ ಗುರುತನ್ನು ಮರೆಯುವುದುಂಟೇ? ಮದಗದ ಕೆರೆಯ ಹೆಸರು ಹಾಡಿನಲ್ಲಿ ಹೋಯಿತು, ಮದ್ದೂರು ವಡೆಯ ಹೆಸರು ಕೂಗಿನಲ್ಲಿ ಹೋಯಿತು ಎಂದೆ. ಈ ಸಮಾವೇಶಕ್ಕೂ ಒಂದು ಸದ್ದು ಬೇಕು. ಬೀಸುವ ಕಲ್ಲಿನಲ್ಲಿ ರಾಗಿ ನುರಿಯುವ ಸದ್ದಿಗಿಂತ ಹತ್ತಿರದ್ದು ಇನ್ನೊಂದಿಲ್ಲ. ಕೆಲವೇ ಕ್ಷಣದ ಆ ಸದ್ದು, ಅದರ ಹಿಂದೆ ಮೂರು ಊರಿನ ಹೆಸರು, ದಿನಾಂಕ. ಪ್ರಚಾರದ ಆಟೋದ ಮೈಕಿನಲ್ಲೂ ಅದೇ, ಬಾನುಲಿಯ ಪ್ರಕಟಣೆಯಲ್ಲೂ ಅದೇ, ಮೊಬೈಲಿನಲ್ಲೂ ಅದೇ. ಮದ್ದೂರು ವಡೆಗಿದ್ದಂತೆ ನಮಗೂ ರೈಲು ಹಾದಿಯಿದೆ. ಕಡೂರು, ಬೀರೂರು, ಅಜ್ಜಂಪುರ ಈ ಮೂರೂ ಬೆಂಗಳೂರು–ಹುಬ್ಬಳ್ಳಿ ರೈಲು ಹಾದಿಯ ಮೇಲಿವೆ. ತರೀಕೆರೆ ಬೀರೂರಿನಿಂದ ಕವಲೊಡೆಯುವ ಶಿವಮೊಗ್ಗದ ಹಾದಿಯಲ್ಲಿದೆ. 2013ರಿಂದ ಕಡೂರಿನಿಂದ ಚಿಕ್ಕಮಗಳೂರಿಗೂ ರೈಲು ಓಡುತ್ತಿದೆ. ಮೂರು ದಿಕ್ಕಿನ ಪ್ರಯಾಣಿಕರು ಹಾದುಹೋಗುವ ಸೀಮೆ ಇದು. ಅವರಲ್ಲಿ ಇಳಿಯುವವರು ಕಡಿಮೆ. ಇಳಿಸುವುದಕ್ಕೆ ಒಂದು ಕಾರಣ ಬೇಕು. ನಿಲ್ದಾಣದಲ್ಲಿ ರಾಗಿಯ ಒಂದು ಒಣ ತಿನಿಸನ್ನು ರಕಾರದ ಮೊಹರು ಒತ್ತಿದ ಕಾಗದದಲ್ಲಿ ವರ್ಷವಿಡೀ ಮಾರುವಂತಾದರೆ, ಸಮಾವೇಶದ ಗುರುತು ಸಮಾವೇಶದೊಂದಿಗೇ ಮುಗಿದುಹೋಗುವುದಿಲ್ಲ.

ಸಾಮಗ್ರಿಯಲ್ಲೂ ಈ ತತ್ವ ಕಾಣಬೇಕು. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧದ ಆದೇಶ ಹೊರಡಿಸಿತು. ಕೈಚೀಲ ಮಾತ್ರವಲ್ಲ, ಫ್ಲೆಕ್ಸು, ಬ್ಯಾನರು, ಬಂಟಿಂಗು, ಪ್ಲಾಸ್ಟಿಕ್ ತಟ್ಟೆ, ಲೋಟ, ಊಟದ ಮೇಜಿಗೆ ಹಾಸುವ ಹಾಳೆ ಎಲ್ಲವೂ ಆ ಪಟ್ಟಿಯಲ್ಲಿವೆ. ಆದರೂ ಮೇಳಗಳ ಹೆಬ್ಬಾಗಿಲಲ್ಲಿ ಫ್ಲೆಕ್ಸ್ ತೂಗುತ್ತಲೇ ಇರುತ್ತದೆ. ನೆಲದ ಊಟದ ಮಾತಾಡುವ ಸಮಾವೇಶ ಹಾಗೆ ಮಾಡಿದರೆ ಬಾಗಿಲಲ್ಲೇ ಸುಳ್ಳು ಹೇಳಿದಂತೆ. ಬಟ್ಟೆಯ ಮೇಲೆ ಕೈಬರಹ ಬರೆಸಿ. ಬೋರ್ಡ್ ಬರೆಯುವ ಕಲಾವಿದರು ಇನ್ನೂ ಇದ್ದಾರೆ, ಅವರಿಗೆ ಕೆಲಸ ಕಡಿಮೆಯಾಗಿದೆ. ಉಣ್ಣುವುದಕ್ಕೆ ಮುತ್ತುಗದ ಎಲೆ ಇರಲಿ. ಅದು ಬಯಲುಸೀಮೆಯ ಮರ. ಅಡಿಕೆಯ ಸೀಮೆಯಲ್ಲಿ ಹಾಳೆ ತಟ್ಟೆ ಏಕೆ ಬೇಡ ಎಂದು ಕೇಳಬಹುದು. ಅಡಿಕೆ ಹಾಳೆಯ ತಟ್ಟೆಗಳಿಂದ ಕೆಲವು ಅಂಶಗಳು ಆಹಾರಕ್ಕೆ ಇಳಿಯುತ್ತವೆ ಎಂದು 2025ರಲ್ಲಿ ಅಮೆರಿಕದ ಆಹಾರ ನಿಯಂತ್ರಣ ಸಂಸ್ಥೆ ಆಕ್ಷೇಪ ಎತ್ತಿದೆ. ಆ ವಿಷಯ ತೀರ್ಮಾನವಾಗುವವರೆಗೆ ವಾದವಿಲ್ಲದ ಎಲೆಯನ್ನೇ ಹಿಡಿಯುವುದು ಕ್ಷೇಮ.

ಇಷ್ಟು ಹೇಳಿದ ಮೇಲೆ ಆಕ್ಷೇಪಗಳಿಗೆ ಉತ್ತರ ಕೊಡಬೇಕು. ಮೊದಲನೆಯದು ಹಣದ್ದು. ಸಣ್ಣ ಊರಿನ ಮೇಳಕ್ಕೆ ಬ್ರ್ಯಾಂಡು ಗೀಂಡು ಎಂದು ದುಡ್ಡು ಸುರಿಯುವುದೇಕೆ, ಅದೇ ದುಡ್ಡಿನಲ್ಲಿ ಇನ್ನಷ್ಟು ಜನಕ್ಕೆ ಊಟ ಹಾಕಬಹುದಲ್ಲ ಎನ್ನುತ್ತಾರೆ. ನ್ಯಾಯವಾದ ಮಾತು. ಆದರೆ ಇಲ್ಲಿ ಹೇಳಿದ ಯಾವುದೂ ದುಬಾರಿಯಲ್ಲ. ಒಂದಕ್ಷರ, ಒಂದು ಬಣ್ಣ, ಒಂದು ಮೊಹರು, ಒಂದು ಸದ್ದು. ದುಬಾರಿಯಾಗುವುದು ಗುರುತಿಲ್ಲದ ಮೇಳ. ಪ್ರತಿ ವರ್ಷ ಹೊಸ ಹೆಸರು, ಹೊಸ ಚಿತ್ರ, ಹೊಸ ಕಮಾನು. ಹಿಂದಿನ ವರ್ಷದ ಪ್ರಚಾರದಿಂದ ಈ ವರ್ಷಕ್ಕೆ ನಯಾಪೈಸೆ ಲಾಭವಿಲ್ಲ. ಮೈಸೂರು ಸ್ಯಾಂಡಲ್ ಸೋಪನ್ನು ನೋಡಿ. ನೂರು ವರ್ಷ ದಾಟಿದೆ. ಆನೆಯ ತಲೆ, ಸಿಂಹದ ಮೈಯ ಶರಭ ಇನ್ನೂ ಅದರ ಲಾಂಛನ. ಬದಲಿಸದೆ ಇದ್ದುದೇ ಅದರ ಉಳಿತಾಯ.

ಎರಡನೆಯ ಆಕ್ಷೇಪ ವ್ಯಾಪಾರದ್ದು. ಮೇಳಕ್ಕೆ ಬರುವ ಹುಡುಗರು ಗೋಬಿ ಮಂಚೂರಿ ಕೇಳುತ್ತಾರೆ, ಮುದ್ದೆ ಬಸ್ಸಾರು ಮನೆಯಲ್ಲೇ ಇದೆ, ಅದಕ್ಕೇಕೆ ಮೇಳಕ್ಕೆ ಬರಬೇಕು ಎಂಬ ವಾದ. ಇದರಲ್ಲಿ ಅರ್ಧ ಸತ್ಯವಿದೆ. ಮನೆಯಲ್ಲಿರುವುದನ್ನೇ ಹಾಗೇ ಇಟ್ಟರೆ ಜನ ಬರುವುದಿಲ್ಲ. ಆದರೆ ಮನೆಮನೆಗೆ ಬಸ್ಸಾರಿನ ರುಚಿ ಬೇರೆ. ಯಾವ ಸೊಪ್ಪು, ಯಾವ ಕಾಳು, ಖಾರ ಹುರಿದದ್ದೋ ಹಸಿಯದೋ ಎಂಬುದರಲ್ಲೇ ಹತ್ತಾರು ಬಗೆ. ಒಂದೇ ಸೂರಿನಡಿ ಆ ಹತ್ತಾರು ಬಗೆಯನ್ನು ಉಣ್ಣುವ ಅವಕಾಶ ಯಾವ ಮನೆಯಲ್ಲೂ ಇಲ್ಲ. ಒಂದೇ ಕಾಳಿನಿಂದ ಎಷ್ಟು ತಿನಿಸು ಹುಟ್ಟಬಹುದು ಎಂಬುದನ್ನು ಅವರೆಕಾಯಿ ಮೇಳ ತೋರಿಸಿದೆ. ಕಟ್ಟುಪಾಡು ಅಡುಗೆಯವರ ಜಾಣ್ಮೆಯನ್ನು ಹೆಚ್ಚಿಸುತ್ತದೆ. ಇನ್ನು ಗೋಬಿ ಮಂಚೂರಿಯ ವಿಷಯ. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರವೇ ಅದರಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಬೇಕಾಗಿ ಬಂತು. ಯಾರು ಬೇಕಾದರೂ ಏನು ಬೇಕಾದರೂ ಮಾರಬಹುದಾದ ಮೇಳದಲ್ಲಿ ಯಾವುದಕ್ಕೂ ಹೊಣೆ ಹೊರುವವರಿಲ್ಲ. ಏನು ಮಾರಬೇಕೆಂದು ಬರೆದಿಟ್ಟ ಮೇಳದಲ್ಲಿ ಹೊಣೆ ಕೇಳುವುದು ಸುಲಭ.

ಮೂರನೆಯ ಆಕ್ಷೇಪ ಹೆಚ್ಚು ಸೂಕ್ಷ್ಮ. ಈ ಗುರುತಿನಲ್ಲಿ ಯಾರ ಅಡುಗೆ ಸೇರುತ್ತದೆ, ಯಾರದು ಬಿಟ್ಟುಹೋಗುತ್ತದೆ? 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಹೊತ್ತಿಗೆ ಬಾಡೂಟದ ಬೇಡಿಕೆ ಎದ್ದು ರಾಜ್ಯವೆಲ್ಲ ಚರ್ಚೆಯಾಯಿತು. ಸಾಹಿತ್ಯದ ಸಮಾವೇಶದಲ್ಲೇ ಇಷ್ಟು ಮುಖ್ಯವಾದ ಪ್ರಶ್ನೆ ಅಡುಗೆಯ ಸಮಾವೇಶದಲ್ಲಿ ತಪ್ಪಿಸಿಕೊಳ್ಳುವಂಥದ್ದಲ್ಲ. ಮುದ್ದೆಯ ಜೊತೆಗೆ ಕೋಳಿ ಸಾರು, ಕುರಿಯ ಬಾಡಿನ ಸಾರು, ಕೆರೆಯ ಮೀನು ಉಣ್ಣುವ ಮನೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಅವನ್ನು ಹೊರಗಿಟ್ಟು ಬಯಲಿನ ಊಟ ಎಂದರೆ ಅರ್ಧ ಬಯಲಿನ ಊಟವಾಗುತ್ತದೆ. ನಮ್ಮ ತತ್ವಕ್ಕೆ ಇದರಿಂದ ತೊಡಕಿಲ್ಲ. ಕುರಿ, ಕೋಳಿಯೂ ಒಣಸೀಮೆಯ ಬದುಕಿನವೇ. ಬೇರೆ ಬೇರೆ ಒಲೆ, ಬೇರೆ ಬೇರೆ ಪಂಕ್ತಿ, ಎರಡಕ್ಕೂ ಸಮಾನವಾದ ಜಾಗ, ಎರಡರ ಮೇಲೂ ಅದೇ ರಕಾರದ ಮೊಹರು. ಮಾಂಸದ ಮಳಿಗೆಯನ್ನು ಮೈದಾನದ ಹಿಂಬದಿಗೆ ತಳ್ಳಿದರೆ ಮೊಹರಿನ ಅರ್ಥ ಕೆಡುತ್ತದೆ.

ನಾಲ್ಕನೆಯದು ಕಾಫಿಯ ನೆರಳಿನ ಪ್ರಶ್ನೆ. ಕಾಫಿಗೆ ಈಗಾಗಲೇ ಹೆಸರಿದೆ, ಅದನ್ನೇ ಹಿಡಿದುಕೊಂಡರೆ ಪ್ರವಾಸಿಗರು ಸುಲಭವಾಗಿ ಬರುತ್ತಾರೆ ಎನ್ನುವವರಿದ್ದಾರೆ. ಬರಬಹುದು. ಆದರೆ ಕಾಫಿ ಹುಡುಕಿ ಬಂದವರು ಕಡೂರಿನಲ್ಲಿ ಏಕೆ ನಿಲ್ಲುತ್ತಾರೆ? ಗಿರಿಗೆ ಹೋಗುತ್ತಾರೆ. ಬೇರೆಯವರ ಹೆಸರಿನಲ್ಲಿ ಕರೆದ ನೆಂಟರು ಬೇರೆಯವರ ಮನೆಗೇ ಹೋಗುವುದು ಸಹಜ. ತರೀಕೆರೆಯ ಗುಡ್ಡದ ಅಂಚಿನಲ್ಲಿ ಕಾಫಿ ಇದೆ, ನಿಜ. ಊಟ ಮುಗಿದ ಮೇಲೆ ಒಂದು ಲೋಟ ಕಾಫಿ ಕೊಡಿ. ಲಾಂಛನದಲ್ಲಿ ಅದಕ್ಕೆ ಜಾಗ ಬೇಡ.

ಕೊನೆಯದಾಗಿ, ಈ ಗುರುತನ್ನು ಕಾಯುವವರು ಯಾರು? ಹೆಸರು ನಾಲ್ಕು ಕಡೆ ಕೇಳತೊಡಗಿದೊಡನೆ ಅದನ್ನು ಬಳಸಿಕೊಳ್ಳುವವರು ಹುಟ್ಟುತ್ತಾರೆ. 1999ರ ಟ್ರೇಡ್ ಮಾರ್ಕ್ ಕಾಯ್ದೆಯಲ್ಲಿ ಸಂಘದ ಸದಸ್ಯರೆಲ್ಲ ಸೇರಿ ಬಳಸುವ ಸಾಮೂಹಿಕ ಗುರುತಿಗೆ ಅವಕಾಶವಿದೆ. ಮೂರು ತಾಲ್ಲೂಕಿನ ಸ್ವಸಹಾಯ ಸಂಘಗಳು, ರೈತರ ಕಂಪನಿಗಳು, ಅಡುಗೆ ವೃತ್ತಿಯವರು ಒಂದು ಸಂಘವಾಗಿ ಆ ಗುರುತನ್ನು ನೋಂದಾಯಿಸಿಕೊಳ್ಳಬಹುದು. ಯಾರು ಬಳಸಬಹುದು, ಯಾವಾಗ ಕಿತ್ತುಕೊಳ್ಳಬಹುದು ಎಂಬ ನಿಯಮವನ್ನು ಅರ್ಜಿಯ ಜೊತೆಗೇ ಸಲ್ಲಿಸಬೇಕಾಗುತ್ತದೆ. ಅದು ಒಳ್ಳೆಯದೇ. ನಿಯಮ ಬರೆಯದೆ ಗುರುತು ಸಿಗುವುದಿಲ್ಲ ಎಂದು ಕಾನೂನೇ ಹೇಳಿದಂತಾಯಿತು. ಸಮಾವೇಶ ಒಂದು ವರ್ಷ ಕಡೂರಿನಲ್ಲಿ, ಮುಂದಿನ ವರ್ಷ ಅಜ್ಜಂಪುರದಲ್ಲಿ, ಆಮೇಲೆ ತರೀಕೆರೆಯಲ್ಲಿ ನಡೆಯಲಿ. ಊರು ತಿರುಗಲಿ, ಮೊಹರು ತಿರುಗದಿರಲಿ.

ಕೇಳುಗರೇ, ಒಟ್ಟು ವಾದವನ್ನು ಕ್ರಮವಾಗಿ ಹೇಳಿ ಮುಗಿಸುತ್ತೇನೆ. ಮೊದಲ ಸಭೆಯಲ್ಲಿ ಯಾವ ಊಟ ಎಂದು ತೀರ್ಮಾನಿಸಿ. ಎರಡನೆಯದರಲ್ಲಿ ಯಾವ ಕಾಲ ಎಂದು ಗೊತ್ತುಮಾಡಿ. ಮೂರನೆಯದರಲ್ಲಿ ಒಂದು ಪುಟದ ನಿಯಮ ಬರೆಯಿರಿ, ಅದಕ್ಕೆ ಅಡುಗೆ ಮಾಡುವವರ ಸಹಿ ಹಾಕಿಸಿ. ಚಿತ್ರ ಬರೆಯುವವರನ್ನು ಕರೆಯುವುದು ನಾಲ್ಕನೆಯ ಸಭೆಗೆ. ಆ ಒಂದು ಪುಟವನ್ನು ಅವರ ಕೈಗೆ ಕೊಟ್ಟರೆ ಅವರು ಇನ್ನು ಬಿಳಿ ಟೋಪಿ, ಫೋರ್ಕು ಬರೆಯುವುದಿಲ್ಲ. ಗುರುತು ಗೆದ್ದಿತೋ ಸೋತಿತೋ ಎಂದು ಉದ್ಘಾಟನೆಯ ಫೋಟೋಗಳಿಂದ ಅಳೆಯಬೇಡಿ. ಮೂರನೆಯ ವರ್ಷ ಹೊರಜಿಲ್ಲೆಯವರೊಬ್ಬರು ಬಂದು, ಈ ಮೊಹರಿರುವ ಹುರುಳಿ ಎಲ್ಲಿ ಸಿಗುತ್ತದೆ ಎಂದು ಕೇಳಿ, ಅದಕ್ಕೆ ನಾಲ್ಕು ಕಾಸು ಹೆಚ್ಚು ಕೊಡಲು ಒಪ್ಪಿದರೆ ಗೆದ್ದಿತು. ಆ ನಾಲ್ಕು ಕಾಸು ಮಳೆಯನ್ನೇ ನೆಚ್ಚಿ ಬಿತ್ತಿದವರ ಕೈ ಸೇರುವಂತೆ ನೋಡಿಕೊಳ್ಳುವುದು ಸಂಘದ ಕೆಲಸ.